ಲೇಬಲ್ಲಿನ ಹೆಸರು ಒಬ್ಬರದು, ವೆಬ್ ವಿಳಾಸ ಇನ್ನೊಬ್ಬರದು

(ಬಳ್ಳಾರಿಯಲ್ಲಿ ಜೀನ್ಸ್ ತಯಾರಕರು ಮತ್ತು ಸಣ್ಣ ವ್ಯಾಪಾರಿಗಳ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರು ಜೀನ್ಸ್ ಕೆಲಸದವರು. ಕೌಲ್ ಬಜಾರಿನಲ್ಲಿ ಹೊಲಿಗೆ, ಆಮೇಲೆ ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ಎಲ್ಲ ಮುಗಿದ ಮೇಲೆ ಪ್ಯಾಂಟಿನ ಹಿಂಬದಿಗೆ ಒಂದು ಲೇಬಲ್ ಬೀಳುತ್ತದೆ. ಈ ಊರಿನ ಎಷ್ಟೋ ಕುಟುಂಬಗಳು ಬೇರೆಯವರ ಲೇಬಲ್ಲಿಗೆ ಹೊಲಿದು ಹೊಲಿದು, ಕೊನೆಗೆ ಧೈರ್ಯ ಮಾಡಿ ತಮ್ಮದೇ ಹೆಸರು ಹಾಕಿಕೊಂಡಿವೆ. ಇವತ್ತಿನ ಮಾತು ಆ ಹೆಸರಿನ ಬಗ್ಗೆ.

ಮೊದಲು ಆ ಹೆಸರು ಲೇಬಲ್, ಬಿಲ್‌ಬುಕ್, ಅಂಗಡಿ ಬೋರ್ಡು, ಇಷ್ಟರಲ್ಲೇ ಇರುತ್ತಿತ್ತು. ಈಗ ಗಿರಾಕಿ ಫೋನಿನಲ್ಲಿ ಹುಡುಕುತ್ತಾನೆ. ಹುಡುಕಿದಾಗ ನಿಮ್ಮ ಹೆಸರಿನ ವೆಬ್‌ಸೈಟ್ ಸಿಗುತ್ತದೆ, ಆದರೆ ಅದು ನಿಮ್ಮದಲ್ಲ. ಯಾರೋ ಬೇರೆಯವರು ಆ ವಿಳಾಸ ತೆಗೆದುಕೊಂಡಿದ್ದಾರೆ. ಆಗ ಮಾಲೀಕರಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ನನ್ನ ಕಚೇರಿಗೆ ಬರುವವರು ಎರಡು ಥರ. "ಎಲ್ಲ ಹೋಯಿತು, ಇನ್ನೇನೂ ಮಾಡೋಕಾಗಲ್ಲ" ಎಂದು ಸೋತು ಬರುವವರು. "ಹೆಸರು ನಮ್ಮದು, ನಾಳೆಯೇ ಕಿತ್ತುಕೊಡಿ" ಎಂದು ಸಿಟ್ಟಿನಲ್ಲಿ ಬರುವವರು. ಇಬ್ಬರ ಲೆಕ್ಕವೂ ತಪ್ಪು. ಯಾಕೆ ತಪ್ಪು ಅನ್ನುವುದನ್ನೇ ಹೇಳುತ್ತೇನೆ.

ಇಲ್ಲಿ ಎರಡು ವ್ಯವಸ್ಥೆಗಳಿವೆ. ಎರಡೂ ಹೆಸರನ್ನೇ ಹಿಡಿದುಕೊಂಡಿವೆ, ಆದರೆ ಕೇಳುವ ಪ್ರಶ್ನೆ ಬೇರೆ ಬೇರೆ. ಟ್ರೇಡ್‌ಮಾರ್ಕ್ ಕಾನೂನು ಕೇಳುತ್ತದೆ: "ಈ ಹೆಸರು ಕೇಳಿದರೆ ಜನ ಯಾರ ಸರಕನ್ನು ನೆನೆಯುತ್ತಾರೆ?" ಡೊಮೇನ್ ಅಂದರೆ ವೆಬ್ ವಿಳಾಸದ ಹೆಸರು. ಆ ವ್ಯವಸ್ಥೆ ಕೇಳುವುದು ಒಂದೇ: "ಮೊದಲು ಬಂದವರು ಯಾರು?" ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುತ್ತೇವಲ್ಲ, ಹಾಗೆ. ಯಾರ ಟವೆಲ್ ಮೊದಲು ಬಿತ್ತೋ ಅವರ ಸೀಟು. ಹಣ ಕಟ್ಟಿದ ಕ್ಷಣದಲ್ಲಿ ಆ ಹೆಸರು ನಿಮ್ಮ ವ್ಯಾಪಾರದ್ದೋ, ಪಕ್ಕದ ಬೀದಿಯವರ ವ್ಯಾಪಾರದ್ದೋ ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಟ್ರೇಡ್‌ಮಾರ್ಕ್ ದೇಶಕ್ಕೆ ಸೀಮಿತ, ಸರಕಿಗೆ ಸೀಮಿತ. ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ಬಟ್ಟೆಬರೆ 25ನೇ ವರ್ಗ. ಅಕ್ಕಿ, ಹಿಟ್ಟು 30ನೇ ವರ್ಗ. ಹಾಗಾಗಿ ಒಂದೇ ಹೆಸರು ಇಬ್ಬರ ಹತ್ತಿರ ನ್ಯಾಯವಾಗಿಯೇ ಇರಬಹುದು. ಆಶೀರ್ವಾದ್ ಅಂದರೆ ನಿಮಗೆ ಗೋಧಿ ಹಿಟ್ಟು ನೆನಪಾಗುತ್ತದೆ. ಮನೆ ಕಟ್ಟಿಸಿದವರಿಗೆ ಪೈಪೂ ನೆನಪಾಗುತ್ತದೆ. ಹಿಟ್ಟು ಐಟಿಸಿಯದು, ಪೈಪು ಬೆಂಗಳೂರಿನ ಬೇರೆ ಕಂಪನಿಯದು. ಪೈಪು ತರಲು ಹೋದವರು ಹಿಟ್ಟು ತಂದ ಉದಾಹರಣೆ ಇಲ್ಲ, ಗೊಂದಲವಿಲ್ಲ, ಜಗಳವೂ ಬೇಡ. ಆದರೆ ಇಂಟರ್ನೆಟ್ಟಿನಲ್ಲಿ ಒಂದು ಸ್ಪೆಲಿಂಗಿಗೆ ಒಂದೇ ಡಾಟ್ ಕಾಮ್. ಇಡೀ ಪ್ರಪಂಚಕ್ಕೆ ಒಂದು. ಅಲ್ಲಿ 45 ವರ್ಗವೂ ಇಲ್ಲ, ದೇಶದ ಗಡಿಯೂ ಇಲ್ಲ. ಈ ಎರಡು ಕಂಪನಿಗಳು ಇಂಗ್ಲಿಷಿನಲ್ಲಿ ಎರಡೇ ಎರಡು ಅಕ್ಷರದ ವ್ಯತ್ಯಾಸದಿಂದ ಬೇರೆ ಬೇರೆ ನಿಂತಿವೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ.

ಹಾಗಾದರೆ ಜಗಳ ಎಲ್ಲಿಂದ ಶುರುವಾಯಿತು? 1994ರಲ್ಲಿ ಅಮೆರಿಕದ ಪತ್ರಕರ್ತ ಜೋಶುವಾ ಕ್ವಿಟ್ನರ್ ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್ ಅನ್ನು ತನ್ನ ಹೆಸರಿಗೆ ಮಾಡಿಕೊಂಡರು. ಅದಕ್ಕೂ ಮೊದಲು ಕಂಪನಿಗೆ ಫೋನ್ ಮಾಡಿ, "ನಿಮಗೆ ಇದು ಬೇಕಾ?" ಎಂದು ಕೇಳಿದ್ದರು. ಅಷ್ಟು ದೊಡ್ಡ ಕಂಪನಿಯಲ್ಲೂ ಆಗ ಯಾರಿಗೂ ಅದರ ಬೆಲೆ ಗೊತ್ತಿರಲಿಲ್ಲ. ಆಮೇಲೆ ಒಂದು ಸರ್ಕಾರಿ ಶಾಲೆಗೆ ಇಂಟರ್ನೆಟ್ ಸೌಲಭ್ಯಕ್ಕೆ ಕಂಪನಿ ನೆರವು ಕೊಟ್ಟಿತು, ಅವರು ಹೆಸರು ಬಿಟ್ಟುಕೊಟ್ಟರು. ಅದು ಒಳ್ಳೆಯ ಮುಕ್ತಾಯ. ಮುಂದೆ ಬಂದವರು ಅಷ್ಟು ಒಳ್ಳೆಯವರಾಗಿರಲಿಲ್ಲ. ದೊಡ್ಡ ದೊಡ್ಡ ಕಂಪನಿಗಳ ಹೆಸರನ್ನು ಗುಡ್ಡೆ ಹಾಕಿಕೊಂಡು ಮಾರಾಟಕ್ಕೆ ಕೂತರು. ಸಿನಿಮಾ ಕ್ಯಾಮೆರಾದ ಪ್ಯಾನಾವಿಷನ್ ಕಂಪನಿಗೆ ಅದರದೇ ಹೆಸರಿನ ವಿಳಾಸ ಬಿಟ್ಟುಕೊಡಲು ಒಬ್ಬಾತ 13,000 ಡಾಲರ್ ಕೇಳಿದ. ಅಮೆರಿಕದ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಹೀಗೆ ಬೇರೆಯವರ ಹೆಸರಿನ ವಿಳಾಸ ಹಿಡಿದಿಟ್ಟು ಹಣ ಕೇಳುವುದಕ್ಕೆ ಸೈಬರ್ ಸ್ಕ್ವಾಟಿಂಗ್ ಎನ್ನುತ್ತಾರೆ.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. 2024ರಲ್ಲಿ ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗುವ ಮಾತು ನಡೆದಾಗ, ಎರಡೂ ಹೆಸರು ಕೂಡಿಸಿದ ಡಾಟ್ ಕಾಮ್ ವಿಳಾಸವನ್ನು ದೆಹಲಿಯ ಒಬ್ಬ ಡೆವಲಪರ್ ಮೊದಲೇ ತೆಗೆದುಕೊಂಡಿದ್ದರು. ಕೇಂಬ್ರಿಡ್ಜ್‌ನಲ್ಲಿ ಓದುವ ಖರ್ಚು ಕೊಟ್ಟರೆ ಬಿಟ್ಟುಕೊಡುತ್ತೇನೆ ಎಂದರು. ಆಮೇಲೆ ಅದು ದುಬೈಯಲ್ಲಿದ್ದ ಇಬ್ಬರು ಮಕ್ಕಳ ಕೈ ಸೇರಿತು. ಅವರು ಪುಕ್ಕಟೆ ಕೊಡುತ್ತೇವೆ ಎಂದರು. ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ.

ಇನ್ನು ನಮ್ಮ ದೇಶದ ಕಾನೂನು. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕೆಂದರೆ ಮುಖ್ಯವಾದ ಕೇಸು ನಮ್ಮ ಕರ್ನಾಟಕದ್ದೇ.

ಭಾರತದಲ್ಲಿ ಡೊಮೇನ್ ಹೆಸರಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆ. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಕಾಯ್ದೆ ಬಾಯಿ ಬಿಟ್ಟು ಹೇಳದ್ದನ್ನು ಕೋರ್ಟುಗಳು ಹೇಳಬೇಕಾಯಿತು. 1999ರಲ್ಲೇ ದೆಹಲಿ ಹೈಕೋರ್ಟು ಯಾಹೂ ಕಂಪನಿಯ ಅರ್ಜಿಯ ಮೇಲೆ ಯಾಹೂಇಂಡಿಯಾ ಡಾಟ್ ಕಾಮ್‌ಗೆ ತಡೆ ಕೊಟ್ಟಿತ್ತು. ಬಾಂಬೆ ಹೈಕೋರ್ಟು ರೆಡಿಫ್ ಪರವಾಗಿ, ರಾಡಿಫ್ ಎಂಬ ವಿಳಾಸ ಇಟ್ಟುಕೊಂಡವರ ವಿರುದ್ಧ ಆದೇಶ ಮಾಡಿತ್ತು. ಆದರೆ ಸುಪ್ರೀಂ ಕೋರ್ಟು ಇನ್ನೂ ಏನೂ ಹೇಳಿರಲಿಲ್ಲ.

ಆಗ ಬಂದದ್ದು ಸಿಫಿ ಕೇಸು. ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಸೇರಿಸಿ 'ಸಿಫಿ' ಎಂಬ ಹೊಸ ಪದ ಮಾಡಿಕೊಂಡಿತ್ತು. ಆ ಹೆಸರಿನ ವಿಳಾಸಗಳನ್ನು 1999ರಲ್ಲಿ ನೋಂದಾಯಿಸಿತ್ತು. ಎರಡು ವರ್ಷದ ನಂತರ ಇನ್ನೊಂದು ಕಂಪನಿ 'ಸಿಫಿನೆಟ್' ಎಂಬ ವಿಳಾಸಗಳನ್ನು ತೆಗೆದುಕೊಂಡಿತು. ಇಂಗ್ಲಿಷಿನಲ್ಲಿ ಒಂದು 'ಎಫ್' ಜಾಸ್ತಿ, ಅಷ್ಟೇ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ದಾವೆ ಬಿತ್ತು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಕರ್ನಾಟಕ ಹೈಕೋರ್ಟು ಆ ತಡೆಯನ್ನು ತೆಗೆದುಹಾಕಿತು. ಎರಡೂ ಕಂಪನಿಗಳ ವ್ಯಾಪಾರ ಬೇರೆ ಎಂಬುದು ಹೈಕೋರ್ಟಿನ ಒಂದು ಕಾರಣ. ಸುಪ್ರೀಂ ಕೋರ್ಟು 2004ರ ಮೇ 6ರಂದು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿ, ಮೊದಲಿನ ತಡೆಯನ್ನು ಮತ್ತೆ ನಿಲ್ಲಿಸಿತು.

ತೀರ್ಪು ಬರೆದವರು ನ್ಯಾಯಮೂರ್ತಿ ರೂಮಾ ಪಾಲ್. ಡೊಮೇನ್ ಹೆಸರು ಬರೀ ವಿಳಾಸವಲ್ಲ, ಅದು ವ್ಯಾಪಾರದ ಗುರುತೂ ಆಗಬಹುದು ಎಂದರು. ಪ್ರತ್ಯೇಕ ಕಾಯ್ದೆ ಇಲ್ಲ ಅಂದ ಮಾತ್ರಕ್ಕೆ ರಕ್ಷಣೆ ಇಲ್ಲ ಅಂತಲ್ಲ, 'ಪಾಸಿಂಗ್ ಆಫ್' ತತ್ವ ಇಲ್ಲಿಗೂ ಅನ್ವಯಿಸುತ್ತದೆ ಎಂದರು. ಪಾಸಿಂಗ್ ಆಫ್ ಅಂದರೆ ತನ್ನ ಸರಕನ್ನು ಇನ್ನೊಬ್ಬರ ಸರಕು ಎಂದು ನಂಬಿಸಿ ಮಾರುವುದು. ಎದುರು ಪಕ್ಷದವರು, ನಮ್ಮ ಐವರು ಪಾಲುದಾರರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಈ ಹೆಸರು ಮಾಡಿದ್ದೇವೆ ಎಂದಿದ್ದರು. ಕೋರ್ಟು ಅದನ್ನು ನಂಬಲಿಲ್ಲ. ನನಗೆ ಈ ತೀರ್ಪಿನಲ್ಲಿ ಬಹಳ ಇಷ್ಟವಾಗುವುದು ಈ ಭಾಗ. ಹೆಸರನ್ನು ಯಾಕೆ ಆರಿಸಿದಿರಿ ಎಂದು ಕೇಳುವ, ಉತ್ತರ ಪ್ರಾಮಾಣಿಕವೋ ಅಲ್ಲವೋ ಎಂದು ತೂಗಿ ನೋಡುವ ಕೆಲಸವನ್ನು ಕೋರ್ಟು ಮಾಡಿತು. ಯಾವ ಕಂಪ್ಯೂಟರ್ ವ್ಯವಸ್ಥೆಯೂ ಈ ಪ್ರಶ್ನೆ ಕೇಳುವುದಿಲ್ಲ.

ಒಂದು 'ಎಫ್'ನ ವಿಷಯ ಹೇಳಿದೆ. ಕನ್ನಡದ ಹೆಸರುಗಳಿಗೆ ಇದು ನೂರು ಪಾಲು ಜಾಸ್ತಿ ಅಪಾಯ. ನಮ್ಮ 'ಶ್ರೀ'ಯನ್ನು ಇಂಗ್ಲಿಷಿನಲ್ಲಿ ಮೂರು ಥರ ಬರೆಯುತ್ತಾರೆ. 'ಲಕ್ಷ್ಮಿ'ಗೆ ಎಕ್ಸ್ ಹಾಕುವವರಿದ್ದಾರೆ, ಕೆಎಸ್‌ಎಚ್ ಹಾಕುವವರಿದ್ದಾರೆ. 'ಈಶ್ವರ'ದ ಕೊನೆಗೆ ಎ ಬೇಕೋ ಬೇಡವೋ, ಅಣ್ಣತಮ್ಮಂದಿರೇ ಒಪ್ಪುವುದಿಲ್ಲ. ನಮ್ಮ ಊರಿನ ಹೆಸರೇ 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ಬದಲಾಯಿತು, ಹಳೆಯ ಸ್ಪೆಲಿಂಗು ಇನ್ನೂ ಬೋರ್ಡುಗಳ ಮೇಲಿದೆ. ನೀವು ಒಂದು ಸ್ಪೆಲಿಂಗಿನಲ್ಲಿ ವಿಳಾಸ ಮಾಡಿಕೊಂಡು ನಿಶ್ಚಿಂತೆಯಿಂದ ಇರುತ್ತೀರಿ. ಇನ್ನೊಬ್ಬರು ಪಕ್ಕದ ಸ್ಪೆಲಿಂಗನ್ನು ತೆಗೆದುಕೊಳ್ಳುತ್ತಾರೆ. ಗಿರಾಕಿ ಹೆಸರನ್ನು ಕಿವಿಯಿಂದ ಕೇಳಿ ಟೈಪ್ ಮಾಡುವವನು, ಅವನು ಎಲ್ಲಿ ಬೇಕಾದರೂ ಹೋಗಬಹುದು. ಟ್ರೇಡ್‌ಮಾರ್ಕ್ ಕಾನೂನು ಉಚ್ಚಾರಣೆಯನ್ನೂ ನೋಡುತ್ತದೆ, ಬರೀ ಅಕ್ಷರವನ್ನಲ್ಲ. ಅದು ನಿಮಗೆ ಅನುಕೂಲ. ಆದರೂ ಮುಖ್ಯವಾದ ಎರಡು ಮೂರು ಸ್ಪೆಲಿಂಗುಗಳನ್ನು ಮೊದಲೇ ತೆಗೆದಿಡುವುದು ಕೋರ್ಟಿಗಿಂತ ಬಹಳ ಅಗ್ಗ.

ಈಗ, ಯಾರಾದರೂ ತೆಗೆದುಕೊಂಡೇಬಿಟ್ಟರು ಅಂತಿಟ್ಟುಕೊಳ್ಳಿ. ಎಲ್ಲಿಗೆ ಹೋಗಬೇಕು?

ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್‌ಗಳಿಗೆ ಯುಡಿಆರ್‌ಪಿ ಎಂಬ ವ್ಯವಸ್ಥೆ ಇದೆ. ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಇದನ್ನು ತಂದಿತು. ನೀವು ಡೊಮೇನ್ ಕೊಳ್ಳುವಾಗ ಓದದೆ ಒತ್ತುವ 'ಒಪ್ಪುತ್ತೇನೆ' ಗುಂಡಿಯಲ್ಲೇ ಈ ನಿಯಮಕ್ಕೂ ಒಪ್ಪಿರುತ್ತೀರಿ. ದೂರು ಕೊಡುವವರು ಮೂರು ವಿಷಯ ತೋರಿಸಬೇಕು. ಆ ವಿಳಾಸ ನನ್ನ ಟ್ರೇಡ್‌ಮಾರ್ಕಿನಂತೆಯೇ ಇದೆ, ಅಥವಾ ಗೊಂದಲವಾಗುವಷ್ಟು ಹತ್ತಿರ ಇದೆ. ತೆಗೆದುಕೊಂಡವರಿಗೆ ಆ ಹೆಸರಿನ ಮೇಲೆ ನ್ಯಾಯವಾದ ಹಕ್ಕಿಲ್ಲ. ಮತ್ತು ಅವರು ಅದನ್ನು ಕೆಟ್ಟ ಉದ್ದೇಶದಿಂದ ತೆಗೆದುಕೊಂಡು ಕೆಟ್ಟ ಉದ್ದೇಶದಿಂದಲೇ ಬಳಸುತ್ತಿದ್ದಾರೆ. ಮೂರೂ ಬೇಕು. ಎರಡು ಗೆದ್ದು ಒಂದು ಸೋತರೆ ಪೂರ್ತಿ ಸೋತ ಹಾಗೆ. ಇಂಥ ದೂರುಗಳನ್ನು ಹೆಚ್ಚಾಗಿ ಕೇಳುವುದು ಜಿನೀವಾದಲ್ಲಿರುವ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಅಂದರೆ ವೈಪೊ. 2023ರ ಒಂದೇ ವರ್ಷ ಅಲ್ಲಿಗೆ 6,000ಕ್ಕೂ ಹೆಚ್ಚು ದೂರು ಬಂದಿವೆ. ಒಬ್ಬ ತೀರ್ಪುಗಾರರಾದರೆ ಐದು ಹೆಸರುಗಳವರೆಗೆ ಶುಲ್ಕ 1,500 ಡಾಲರ್. ನಮ್ಮ ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ಗೆದ್ದರೆ ವಿಳಾಸ ನಿಮ್ಮ ಕೈಗೆ ಬರುತ್ತದೆ ಅಥವಾ ರದ್ದಾಗುತ್ತದೆ. ನಷ್ಟ ಪರಿಹಾರ ಒಂದು ಪೈಸೆಯೂ ಇಲ್ಲ.

ಡಾಟ್ ಇನ್ ವಿಳಾಸಗಳಿಗೆ ನಮ್ಮದೇ ಐಎನ್‌ಡಿಆರ್‌ಪಿ ಇದೆ. ನಡೆಸುವುದು ನಿಕ್ಸಿ ಎಂಬ ಸಂಸ್ಥೆ, 2005ರಿಂದ. ಇಲ್ಲಿ ಒಬ್ಬ ಮಧ್ಯಸ್ಥಗಾರರು ತೀರ್ಮಾನ ಕೊಡುತ್ತಾರೆ. ನಿಯಮಗಳು ಹೆಚ್ಚು ಕಡಿಮೆ ಒಂದೇ, ಆದರೆ ಎರಡು ಕಡೆ ನಮಗೆ ಅನುಕೂಲ ಇದೆ. ಮೊದಲನೆಯದು, ಕೆಟ್ಟ ಉದ್ದೇಶದಿಂದ ತೆಗೆದುಕೊಂಡಿದ್ದರೂ ಸಾಕು, ಕೆಟ್ಟ ಉದ್ದೇಶದಿಂದ ಬಳಸುತ್ತಿದ್ದರೂ ಸಾಕು, ಎರಡೂ ತೋರಿಸಬೇಕಿಲ್ಲ. ಎರಡನೆಯದು, ನಿಯಮದಲ್ಲಿ ಟ್ರೇಡ್‌ಮಾರ್ಕಿನ ಜೊತೆ 'ಹೆಸರು' ಎಂಬ ಮಾತೂ ಇದೆ. ಹಾಗಾಗಿ ಸ್ವಲ್ಪ ಅಗಲವಾದ ಬಾಗಿಲು ಅದು.

ಮೂರನೆಯದು ಕೋರ್ಟು. ಟ್ರೇಡ್‌ಮಾರ್ಕ್ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ನಡೆಯುವುದಿಲ್ಲ. ಮಾರ್ಕು ನೋಂದಣಿಯಾಗಿದ್ದರೆ, ನೀವು ವ್ಯಾಪಾರ ಮಾಡುವ ಊರಿನಲ್ಲೇ ದಾವೆ ಹಾಕಬಹುದು ಎಂದು ಕಾಯ್ದೆಯ 134ನೇ ಕಲಂ ಹೇಳುತ್ತದೆ. ಎದುರಿನವರು ಸೂರತ್ತಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ನೀವು ಬಳ್ಳಾರಿಯಲ್ಲೇ ಕೇಳಬಹುದು. ನೋಂದಣಿ ಇಲ್ಲದ ಪಾಸಿಂಗ್ ಆಫ್ ದಾವೆಗೆ ಈ ಸೌಲಭ್ಯ ಇಲ್ಲ. ನೋಂದಣಿ ಮಾಡಿಸಿ ಎಂದು ನಾನು ಪದೇ ಪದೇ ಹೇಳುವುದಕ್ಕೆ ಇದೊಂದೇ ಕಾರಣ ಸಾಕು. ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ದೊಡ್ಡ ಕಂಪನಿಗೆ 9,000. ನಮ್ಮ ರಾಜ್ಯ ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತದೆ, ಆದರೆ ಅಲ್ಲಿಗೆ ಹೋಗಬೇಕಾಗಿಲ್ಲ. ನೋಂದಣಿ 10 ವರ್ಷಕ್ಕೆ, ಮತ್ತೆ ಮತ್ತೆ ನವೀಕರಿಸಬಹುದು. ಒಂದು ಹೊಲಿಗೆ ಯಂತ್ರದ ರಿಪೇರಿಗೆ ಇದಕ್ಕಿಂತ ಜಾಸ್ತಿ ಹಣ ಕೊಟ್ಟಿರುತ್ತೀರಿ.

ಈಗ ಮಾತನ್ನು ಸ್ವಲ್ಪ ಆ ಕಡೆಗೆ ತಿರುಗಿಸುತ್ತೇನೆ. ಇಲ್ಲಿಯವರೆಗೆ ಕದ್ದವರ ಬಗ್ಗೆ ಹೇಳಿದೆ. ಆದರೆ ಎಷ್ಟೋ ಸಲ ಕಳ್ಳತನ ಇರುವುದೇ ಇಲ್ಲ. ಸಣ್ಣವರು ನ್ಯಾಯವಾಗಿ ಇಟ್ಟುಕೊಂಡ ಹೆಸರನ್ನು ದೊಡ್ಡವರು ಬಂದು ಕೇಳುತ್ತಾರೆ. ದೊಡ್ಡ ಊರಿನ ವಕೀಲರ ಕಾಗದ, ಕೆಳಗೆ ಹತ್ತು ಕಲಂ, ಏಳು ದಿನದ ಗಡುವು. ಅದನ್ನು ನೋಡಿ ಹೆದರಿ, ಹತ್ತಾರು ವರ್ಷ ಬೆಳೆಸಿದ ಹೆಸರನ್ನು ಒಂದು ವಾರದಲ್ಲಿ ಬಿಟ್ಟುಕೊಟ್ಟವರನ್ನು ನಾನು ಬಲ್ಲೆ. ನನಗೆ ಬಹಳ ನೋವು ಕೊಡುವ ಸಂಗತಿ ಇದು. ಅವರಿಗಾಗಿ ಒಬ್ಬ ಮನುಷ್ಯನ ಕಥೆ ಹೇಳುತ್ತೇನೆ.

ಅವರ ಹೆಸರು ಉಜಿ ನಿಸಾನ್. ಹುಟ್ಟಿದ್ದು ಇಸ್ರೇಲಿನಲ್ಲಿ, ಬದುಕು ಕಟ್ಟಿಕೊಂಡದ್ದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ನಿಸಾನ್ ಅವರ ಮನೆತನದ ಹೆಸರು. ನಿಸಾನ್ ಕಂಪ್ಯೂಟರ್ ಎಂಬ ಸಣ್ಣ ಕಂಪನಿ ನಡೆಸುತ್ತಿದ್ದರು. 1994ರಲ್ಲಿ ನಿಸಾನ್ ಡಾಟ್ ಕಾಮ್ ತೆಗೆದುಕೊಂಡರು. ಆಗ ಜಪಾನಿನ ಕಾರು ಕಂಪನಿ ಅದರ ಕಡೆ ನೋಡಿಯೂ ಇರಲಿಲ್ಲ. 1999ರಲ್ಲಿ ಕಾರು ಕಂಪನಿ ಒಂದು ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹಾಕಿತು. ಆತ ಬಗ್ಗಲಿಲ್ಲ. ಸುಮಾರು ಎಂಟು ವರ್ಷ ನಡೆದ ವ್ಯಾಜ್ಯದ ಕೊನೆಗೂ ವಿಳಾಸ ಅವರ ಕೈಯಲ್ಲೇ ಉಳಿಯಿತು. 2020ರಲ್ಲಿ ಅವರು ಕೋವಿಡ್‌ನಿಂದ ತೀರಿಕೊಂಡರು, ಅಲ್ಲಿಯವರೆಗೂ ಬಿಟ್ಟುಕೊಡಲಿಲ್ಲ. ಆದರೆ ಒಂದು ವಿಷಯದಲ್ಲಿ ಅವರಿಗೆ ಪೆಟ್ಟು ಬಿತ್ತು. 1999ರಲ್ಲಿ ತಮ್ಮ ಸೈಟಿನಲ್ಲಿ ಕಾರಿಗೆ ಸಂಬಂಧಿಸಿದ ಜಾಹೀರಾತು ಹಾಕಿಕೊಂಡಿದ್ದರು. ಅಷ್ಟು ಮಾತ್ರ ತಪ್ಪು ಎಂದು ಕೋರ್ಟು ಹೇಳಿತು. ಗಮನಿಸಿ. ಕಂಪ್ಯೂಟರಿಗೆ ಆ ಹೆಸರು ಬಳಸಿದ್ದು ಸರಿ. ಕಾರಿನ ಕಡೆ ಕಾಲಿಟ್ಟದ್ದು ತಪ್ಪು. ನಿಮ್ಮ ಸರಕಿನಲ್ಲಿ ನೀವಿದ್ದರೆ ನಿಮ್ಮ ಹೆಸರು ನಿಮಗೆ ಗಟ್ಟಿ.

ಗೆಲುವಿನ ಬೆಲೆಯನ್ನೂ ಮುಚ್ಚಿಡಬಾರದು. ಆ ಮನುಷ್ಯ ತನ್ನ ಹಣ, ನೆಮ್ಮದಿ ಎರಡನ್ನೂ ಆ ಕೇಸಿಗೆ ಸುರಿದ. ಎಲ್ಲರೂ ಹಾಗೆ ಮಾಡಬೇಕು ಎಂದು ನಾನು ಹೇಳಲಾರೆ. ನೋಟಿಸ್ ಬಂದ ತಕ್ಷಣ ಸಹಿ ಹಾಕಬೇಡಿ, ಅಷ್ಟನ್ನು ಮಾತ್ರ ಕೈಮುಗಿದು ಕೇಳುತ್ತೇನೆ. ದೊಡ್ಡವರು ಹಕ್ಕಿಲ್ಲದ ಹೆಸರನ್ನು ಕಿತ್ತುಕೊಳ್ಳಲು ಯುಡಿಆರ್‌ಪಿಯನ್ನು ಬಳಸಿದರೆ, ಅದು ದುರುಪಯೋಗ ಎಂದು ತೀರ್ಪುಗಾರರು ಬರೆದು ದಾಖಲಿಸಬಹುದು. ಅದಕ್ಕೆ ನಿಯಮದಲ್ಲೇ ಜಾಗ ಇದೆ.

ಊರಿನ ಹೆಸರುಗಳ ವಿಷಯ ಬೇರೆಯೇ. 'ಬಳ್ಳಾರಿ' ಪದದ ಮುಂದೆ 'ಜೀನ್ಸ್' ಸೇರಿಸಿದರೆ ಅದು ಯಾರೊಬ್ಬರ ಸ್ವತ್ತೂ ಅಲ್ಲ. ಸರಕು ಎಲ್ಲಿಯದು ಎಂದು ಹೇಳುವ ಬರೀ ಊರಿನ ಹೆಸರಿಗೆ ಟ್ರೇಡ್‌ಮಾರ್ಕ್ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೆ ಅಂಥ ವೆಬ್ ವಿಳಾಸವನ್ನು ಯಾರು ಬೇಕಾದರೂ ಮೊದಲು ತೆಗೆದುಕೊಳ್ಳಬಹುದು. ಬಾರ್ಸಿಲೋನಾ ನಗರಸಭೆ ತನ್ನ ಊರಿನ ಡಾಟ್ ಕಾಮ್ ವಿಳಾಸಕ್ಕೆ ಹೋರಾಡಿತು. ವೈಪೊದಲ್ಲಿ ಗೆದ್ದಿತು. 2003ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟಿನಲ್ಲಿ ಸೋತಿತು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಭೌಗೋಳಿಕ ಗುರುತಿನದು, ಜಿಐ ಟ್ಯಾಗ್ ಎನ್ನುತ್ತೇವಲ್ಲ. ನಮ್ಮ ಪಕ್ಕದ ಕೊಪ್ಪಳದ ಕಿನ್ನಾಳ ಗೊಂಬೆಗೆ ಅದು ಸಿಕ್ಕಿದೆ. ನಮ್ಮದೇ ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿದೆ. ಚಿತ್ರಗಾರರು ಹಗುರ ಮರ ಕೆತ್ತಿ, ಬಣ್ಣ ಹಚ್ಚಿ, ತಲೆಮಾರುಗಳಿಂದ ಕಾಪಾಡಿದ ಹೆಸರು ಅದು. ತಾಂಡಾದ ಹೆಣ್ಣುಮಕ್ಕಳು ಸೂಜಿ ದಾರದಲ್ಲಿ ಕಾಪಾಡಿದ ಹೆಸರು ಇದು. ಆದರೆ ಈ ಹೆಸರುಗಳ ಡಾಟ್ ಕಾಮ್ ವಿಳಾಸವನ್ನು ದೂರದ ಯಾವನೋ ವ್ಯಾಪಾರಿ ತೆಗೆದುಕೊಂಡರೆ ಯುಡಿಆರ್‌ಪಿ ನೆರವಿಗೆ ಬರುವುದು ಕಷ್ಟ. ಅದು ಕೇಳುವುದು ಟ್ರೇಡ್‌ಮಾರ್ಕನ್ನು. ಫ್ರಾನ್ಸಿನ ಶಾಂಪೇನ್ ತಯಾರಕರ ಸಂಘಕ್ಕೇ ಈ ಪೆಟ್ಟು ಬಿದ್ದಿದೆ. ಡಾಟ್ ಸಿಒ ಕೊನೆಯ ಶಾಂಪೇನ್ ವಿಳಾಸಕ್ಕಾಗಿ 2011ರಲ್ಲಿ ದೂರು ಕೊಟ್ಟು ಸೋತರು. ಅಷ್ಟು ಬಲವಾದ ಸಂಘವೇ ಸೋತ ಕಡೆ ಕಿನ್ನಾಳದ ನಾಲ್ಕು ಮನೆ ಕುಶಲಕರ್ಮಿಗಳು ಏನು ಮಾಡಬೇಕು? ಜಿಐ ಕಾಯ್ದೆಯಡಿ ನಮ್ಮ ಕೋರ್ಟಿಗೆ ಹೋಗಬಹುದು, ಆ ದಾರಿ ಇದೆ. ಆದರೆ ಸುಲಭದ ದಾರಿ ಒಂದೇ. ಕುಶಲಕರ್ಮಿಗಳ ಸಂಘದ ಹೆಸರಿನಲ್ಲಿ, ಒಂದು ಲೋಗೋ ಜೊತೆಗೆ, ಟ್ರೇಡ್‌ಮಾರ್ಕನ್ನೂ ಮಾಡಿಸಿ ಇಡಬೇಕು. ಸಂಬಂಧಪಟ್ಟ ಅಧಿಕಾರಿಗಳು ಈ ಸಭೆಯಲ್ಲಿದ್ದರೆ ದಯವಿಟ್ಟು ಇದನ್ನು ಬರೆದುಕೊಳ್ಳಿ.

ಕೊನೆಗೆ ಒಂದು ಸಣ್ಣ ವಿಷಯ. ಸಣ್ಣದು ಎನ್ನುತ್ತೇನೆ, ಆದರೆ ನಮ್ಮ ಭಾಗದಲ್ಲಿ ಜಾಸ್ತಿ ತೊಂದರೆ ಇದರಿಂದಲೇ. ವೆಬ್‌ಸೈಟ್ ಮಾಡಿಕೊಡುವ ಹುಡುಗರು ಡೊಮೇನನ್ನು ತಮ್ಮ ಹೆಸರು, ತಮ್ಮ ಇಮೇಲ್ ಹಾಕಿ ತೆಗೆಯುತ್ತಾರೆ. ಎಷ್ಟೋ ಸಲ ಕೆಟ್ಟ ಉದ್ದೇಶ ಇರುವುದಿಲ್ಲ, ಬೇಗ ಕೆಲಸ ಮುಗಿಯಲಿ ಅಂತ ಅಷ್ಟೇ. ಆಮೇಲೆ ಹಣದ ಮಾತಿಗೆ ಮನಸ್ತಾಪ ಬರುತ್ತದೆ, ಇಲ್ಲವೇ ಅವರು ಊರು ಬಿಡುತ್ತಾರೆ. ದಾಖಲೆಯಲ್ಲಿ ಒಡೆಯರು ಅವರೇ. ಇನ್ನು ಕೆಲವರು ನವೀಕರಣ ಮರೆಯುತ್ತಾರೆ. ಡಾಟ್ ಕಾಮ್ ಅವಧಿ ಮುಗಿದು ಅಳಿಸಿದ ಮೇಲೂ 30 ದಿನ ದುಬಾರಿ ದಂಡ ಕಟ್ಟಿ ವಾಪಸ್ ಪಡೆಯಬಹುದು. ಆ 30 ದಿನವೂ ದಾಟಿದರೆ ಇನ್ನು 5 ದಿನ, ಆಮೇಲೆ ಅದು ಸಂತೆಗೆ ಬೀಳುತ್ತದೆ. ಹಾಗೆ ಬೀಳುವುದನ್ನೇ ಕಾಯುವ ಕಂಪ್ಯೂಟರುಗಳಿವೆ. ಇವತ್ತು ಮನೆಗೆ ಹೋಗಿ ನಿಮ್ಮ ಡೊಮೇನ್ ಯಾರ ಹೆಸರಿನಲ್ಲಿದೆ, ಯಾವ ಇಮೇಲಿಗೆ ಕಟ್ಟಿಕೊಂಡಿದೆ ಎಂದು ನೋಡಿ.

ಇಲ್ಲಿಂದ ಮುಂದೆ ಸಭಿಕರ ಪ್ರಶ್ನೆಗಳು.

ಒಬ್ಬ ಜೀನ್ಸ್ ತಯಾರಕರು ಕೇಳಿದರು: "ನಾವು ಬಹಳ ವರ್ಷದಿಂದ ಒಂದು ಹೆಸರಲ್ಲಿ ಮಾರುತ್ತಿದ್ದೇವೆ, ನೋಂದಣಿ ಮಾಡಿಸಿಲ್ಲ. ಈಗ ಬೇರೆಯವರು ಅದೇ ಹೆಸರು ನೋಂದಣಿ ಮಾಡಿಸಿ, ವೆಬ್‌ಸೈಟೂ ಮಾಡಿದ್ದಾರೆ. ನಮ್ಮ ಕಥೆ ಮುಗಿಯಿತಾ?"

ಮುಗಿದಿಲ್ಲ. ತಿರುನಲ್ವೇಲಿಯ 'ಇರುಟ್ಟುಕಡೈ ಹಲ್ವಾ' ಕೇಸಿನಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮೊದಲಿನಿಂದ ಬಳಸುತ್ತಾ ಬಂದವರ ಹಕ್ಕು, ಆಮೇಲೆ ನೋಂದಣಿ ಮಾಡಿಸಿದವರ ಹಕ್ಕಿಗಿಂತ ಮೇಲು. ಆದರೆ 'ಮೊದಲಿನಿಂದ' ಅನ್ನುವುದನ್ನು ಕಾಗದದಲ್ಲಿ ತೋರಿಸಬೇಕು. ಹಳೆಯ ಬಿಲ್‌ಬುಕ್, ಲೇಬಲ್ ಪ್ರಿಂಟ್ ಮಾಡಿಸಿದ ರಶೀದಿ, ಲಾರಿ ಬಿಲ್ಟಿ, ಜಿಎಸ್‌ಟಿಗೂ ಮೊದಲಿನ ವ್ಯಾಟ್ ಕಾಗದ, ಹೊರ ಊರಿನ ಅಂಗಡಿಯವರ ಆರ್ಡರ್ ಪತ್ರ. ದೀಪಾವಳಿಗೆ ಅಂಗಡಿ ಕ್ಲೀನ್ ಮಾಡುವಾಗ ಹಳೆಯ ಬಿಲ್ಲುಗಳನ್ನು ರದ್ದಿಗೆ ಹಾಕಬೇಡಿ.

ಒಬ್ಬರು: "ನಮ್ಮ ಅಂಗಡಿಗೆ ಕನಕದುರ್ಗಮ್ಮನ ಹೆಸರು. ಬೇರೆಯವರು ಅದೇ ಹೆಸರಿನ ವಿಳಾಸ ತಗೊಂಡಿದ್ದಾರೆ. ಕೇಸ್ ಹಾಕಬಹುದಾ?"

ಅಮ್ಮನ ಹೆಸರು ಇಡೀ ಊರಿನದು, ಅಲ್ವಾ? ಬಳ್ಳಾರಿಯಲ್ಲಿ ಆ ಹೆಸರಿನ ಅಂಗಡಿಗಳಿಗೆ ಲೆಕ್ಕವಿಲ್ಲ. 'ರಾಮಾಯಣ' ಎಂಬ ಹೆಸರನ್ನು ಅಗರಬತ್ತಿಗೆ ಒಬ್ಬರೇ ಹಿಡಿದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಬರೀ ದೇವರ ಹೆಸರಿನ ಮೇಲೆ ಕೇಸು ನಿಲ್ಲುವುದು ಬಹಳ ಕಷ್ಟ. ಜೊತೆಗೆ ನಿಮ್ಮದೇ ಆದ ಇನ್ನೊಂದು ಪದ, ಒಂದು ಚಿತ್ರ ಸೇರಿಸಿಕೊಳ್ಳಿ. ಆ ಜೋಡಿಯನ್ನು ಕಾಪಾಡಬಹುದು.

ಒಬ್ಬ ಯುವತಿ: "ಗೂಗಲ್‌ನಲ್ಲಿ ನಮ್ಮ ಬ್ರ್ಯಾಂಡ್ ಹೆಸರು ಹುಡುಕಿದರೆ ಮೇಲೆ ಬೇರೆಯವರ ಜಾಹೀರಾತು ಬರುತ್ತದೆ. ಇದು ಸರಿಯಾ?"

ನಿಮ್ಮ ಹೆಸರನ್ನು ಕೀವರ್ಡ್ ಆಗಿ, ಅಂದರೆ ಯಾರಾದರೂ ಆ ಪದ ಹುಡುಕಿದರೆ ತಮ್ಮ ಜಾಹೀರಾತು ಕಾಣುವ ಹಾಗೆ, ಕೊಂಡಿದ್ದಾರೆ. ಅಗರ್‌ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಹೆಸರಿನ ಬಗ್ಗೆ ದೆಹಲಿ ಹೈಕೋರ್ಟು 2023ರ ಆಗಸ್ಟಿನಲ್ಲಿ ಇದೇ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಕೀವರ್ಡ್ ಕೊಂಡದ್ದೇ ತಪ್ಪಲ್ಲ. ಆದರೆ ಜಾಹೀರಾತು ನೋಡಿ ಗಿರಾಕಿ ಇದು ನಿಮ್ಮದೇ ಎಂದು ಮೋಸಹೋಗುವಂತಿದ್ದರೆ ತಪ್ಪು, ಆಗ ಗೂಗಲ್ ಕೂಡ ಸುಮ್ನೆ ಕೈ ತೊಳೆದುಕೊಳ್ಳುವಂತಿಲ್ಲ. ಜಾಹೀರಾತಿನ ಸ್ಕ್ರೀನ್‌ಶಾಟನ್ನು ದಿನಾಂಕದ ಸಮೇತ ಇಟ್ಟುಕೊಳ್ಳಿ.

ಇನ್ನೊಬ್ಬರು: "ನಕಲಿ ಸೈಟ್ ಮಾಡಿದವರು ಯಾರೆಂದೇ ಗೊತ್ತಿಲ್ಲ. ಯಾರ ಮೇಲೆ ಕೇಸ್ ಹಾಕೋದು?"

2018ರಿಂದ ಡೊಮೇನ್ ಒಡೆಯರ ವಿವರ ಹೆಚ್ಚಾಗಿ ಮುಚ್ಚಿರುತ್ತದೆ, ನಿಜ. ಯುರೋಪಿನ ಖಾಸಗಿತನದ ಕಾನೂನಿನ ನಂತರ ಹೀಗಾಯಿತು. ಆದರೆ ಯಾರೆಂದು ಗೊತ್ತಿಲ್ಲದವರ ಮೇಲೂ ದಾವೆ ಹಾಕಬಹುದು. ನಮ್ಮ ಕೋರ್ಟುಗಳಲ್ಲಿ ಅಂಥ ಅನಾಮಧೇಯ ಪ್ರತಿವಾದಿಗೆ 'ಅಶೋಕ್ ಕುಮಾರ್' ಎಂದು ಹೆಸರಿಡುವ ರೂಢಿ ಇದೆ. ಡೊಮೇನ್ ಮಾರಿದ ಕಂಪನಿಯನ್ನೂ ಪಕ್ಷಗಾರರನ್ನಾಗಿ ಸೇರಿಸಿ, ವಿವರ ಕೊಡುವಂತೆ ಮತ್ತು ವಿಳಾಸವನ್ನು ತಡೆಹಿಡಿಯುವಂತೆ ಆದೇಶ ಕೇಳಬೇಕು. ಗಿರಾಕಿಗಳಿಂದ ಹಣ ಹೊಡೆಯುತ್ತಿದ್ದರೆ ಮೊದಲು ಸೈಬರ್ ಪೊಲೀಸರ ಹತ್ತಿರ ಹೋಗಿ. ಸಹಾಯವಾಣಿ 1930.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ನಮ್ಮ ಹೆಸರಿನ ವಿಳಾಸ ಒಬ್ಬರು ತಗೊಂಡು ಸುಮ್ನೆ ಖಾಲಿ ಇಟ್ಟಿದ್ದಾರೆ. ದುಡ್ಡು ಕೊಟ್ಟು ತಗೊಂಡುಬಿಡೋದೇ ವಾಸಿ ಅಲ್ವಾ ಸರ್?"

ಕೆಲವು ಸಲ ವಾಸಿ. ಅವರು ನ್ಯಾಯವಾಗಿ ಇಟ್ಟುಕೊಂಡಿದ್ದರೆ, ಅಂದರೆ ಅದು ಅವರ ಮನೆತನದ ಹೆಸರೋ, ಸಾಮಾನ್ಯ ಪದವೋ ಆಗಿದ್ದರೆ, ಮಾತಾಡಿ ಕೊಂಡುಕೊಳ್ಳುವುದೇ ಸರಿಯಾದ ದಾರಿ. ನಿಮ್ಮ ಹೆಸರೆಂದು ತಿಳಿದೇ ಹಿಡಿದಿದ್ದರೆ, ಖಾಲಿ ಇಟ್ಟ ಮಾತ್ರಕ್ಕೆ ಅವರು ಪಾರಾಗುವುದಿಲ್ಲ. 2000ದಲ್ಲೇ ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಕಂಪನಿಯ ದೂರಿನಲ್ಲಿ, ಸುಮ್ಮನೆ ಹಿಡಿದಿಟ್ಟುಕೊಳ್ಳುವುದೂ ಕೆಟ್ಟ ಉದ್ದೇಶದ ಬಳಕೆ ಆಗಬಹುದು ಎಂದು ತೀರ್ಮಾನವಾಗಿದೆ. ಮೊದಲು ಅವರು ಯಾವತ್ತು ತೆಗೆದುಕೊಂಡರು, ನೀವು ಯಾವತ್ತಿನಿಂದ ಮಾರುತ್ತಿದ್ದೀರಿ ಎಂದು ಎರಡು ತಾರೀಖು ಬರೆದುಕೊಂಡು ಬನ್ನಿ. ನಿಮ್ಮ ತಾರೀಖು ಹಿಂದಿನದಾದರೆ ನೀವಾಗಿ ಬೆಲೆ ಹೇಳಬೇಡಿ. ಅವರೇ ಬೆಲೆ ಹೇಳಿದರೆ ಆ ಮೆಸೇಜನ್ನು ಅಳಿಸಬೇಡಿ, ದೂರಿನಲ್ಲಿ ಅದೇ ಮೊದಲ ಸಾಕ್ಷಿ.